ಇಂಡಿಯಲ್ಲಿ ಬೀಳಬೇಕಾದ ಪರದೆ

ಸಿಂದಗಿ
೨೨ ಮಾರ್ಚ್ ೨೦೨೫, ಶನಿವಾರ

ನೆರೆದ ಮಹಾಜನಗಳೇ! ಮುಂದೆ ಚಾಪೆ ಹಾಸಿ ಕೂತ ತಾಯಂದಿರೇ, ಹಿಂದೆ ಟ್ರ್ಯಾಕ್ಟರ್ ಮೇಲೆ ನಿಂತ ಅಣ್ಣಂದಿರೇ, ಗದ್ದಲ ನಿಲ್ಲಿಸಿರಿ, ಬೀಡಿ ಆರಿಸಿರಿ, ಸಾವಧಾನದಿಂದ ಕೇಳಿರಿ!

ನೋಡು ಸುನೀತಾ, ಹೆತ್ತ ಮಗಳಿಗೆ ಪತ್ರ ಬರೆಯಲು ಕೂತರೂ ನಿನ್ನ ಅಪ್ಪನ ಕೈ ಹೀಗೇ ಶುರು ಮಾಡುತ್ತದೆ. ಈ ಸಲ ಮಹಾಜನ ಎಂದರೆ ಇಬ್ಬರೇ: ನೀನು, ಮತ್ತು ಏಳು ತಿಂಗಳಿನಿಂದ ನಿನ್ನ ಹೊಟ್ಟೆಯಲ್ಲಿ ಟಿಕೀಟಿಲ್ಲದೆ ಕೂತಿರುವ ಆ ಪುಟ್ಟ ಪ್ರೇಕ್ಷಕ. ಇಬ್ಬರಿಗೂ ಸೋಮನಿಂಗ ಮಾಸ್ತರನ ಆಶೀರ್ವಾದ. ಅಳಿಯ ಮುತ್ತು ಅವರಿಗೂ ನಿಮ್ಮತ್ತೆ ಶೇವಂತೆವ್ವನವರಿಗೂ ಶರಣು. ಆದರೆ ಈ ಪತ್ರವನ್ನು ಸದ್ಯ ಅವರ ಮುಂದೆ ಓದಬೇಡ. ಬಟ್ಟೆ ಒಣಹಾಕುವ ನೆಪ ಮಾಡಿ ಮಾಳಿಗೆ ಹತ್ತು, ಒಬ್ಬಳೇ ಓದು.

ತಡವಾಯಿತು, ತಪ್ಪಾಯಿತು. ಹನ್ನೆರಡು ದಿನದ ಹಿಂದೆ ನೀನು ಫೋನ್ ಮಾಡಿ, “ಅಪ್ಪಾ, ಇಪ್ಪತ್ತೇಳನೇ ತಾರೀಖ ಗುರುವಾರ ಕುಬಸಕ್ಕ ನಮ್ಮ ಕಡೆಯಿಂದ ಹೆಣ್ಮಕ್ಕಳು ಎಷ್ಟ ಮಂದಿ ಬರ್ತಾರ ಅಂತ ಅತ್ತಿ ಕೇಳಾಕತ್ತಾರ. ನಾ ಏನ ಹೇಳ್ಲಿ?” ಎಂದು ಕೇಳಿದೆ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಲು ತವರಿನಿಂದ ಹೊರಡುವ ಹೆಂಗಸರ ಎಣಿಕೆ, ಅಷ್ಟೇ ತಾನೆ? ನಿಮ್ಮವ್ವ ಒಂದು. ಮುದ್ದೇಬಿಹಾಳದ ನಿನ್ನ ಸೋದರತ್ತೆ ಎರಡು. ಪಕ್ಕದ ಮನೆಯ ಅಬಿದಾ ಮೂರು. ನಾಲ್ಕನೆಯ ಹೆಸರಿಗೆ ಬಂದರೆ, ಐದು ಸಾವಿರ ಮಂದಿಯ ಮುಂದೆ ನಡುಗದ ನನ್ನ ನಾಲಿಗೆ ಒಣಗುತ್ತದೆ. ರೇವವ್ವ. ನಿನ್ನ ಬೆನ್ನಿಗೆ ಬಿದ್ದ ತಂಗಿ. ಇಪ್ಪತ್ತನಾಲ್ಕು ವರ್ಷದ ನನ್ನ ಎರಡನೆಯ ಮಗಳು. ಸಿಂದಗಿಗೆಲ್ಲ ಗೊತ್ತಿರುವ ನಮ್ಮ ರೇವಿ, ನಿನ್ನ ಗಂಡನ ಮನೆಯವರಿಗೆ ಮಾತ್ರ ನಮ್ಮ ನಾಟಕದ ಬಟ್ಟೆ ಮಡಿಸುವ ಹುಡುಗಿ.

ಇದನ್ನು ಫೋನಿನಲ್ಲಿ ಹೇಳುವಂತಿಲ್ಲ. ನನ್ನ ದನಿ ನಿನ್ನ ಕಿವಿಗೆ ಮುಟ್ಟುವ ಮೊದಲು ನಿಮ್ಮ ದನದ ಕೊಟ್ಟಿಗೆಗೆ ಮುಟ್ಟುತ್ತದೆ. “ಅಪ್ಪಾ, ಮೆಲ್ಲಕ ಮಾತಾಡು” ಎಂದು ನೀನು ಅಂದಾಗ ನಾನು ಇನ್ನೂ ಜೋರಾಗಿ “ಮೆಲ್ಲಕನ ಮಾತಾಡಾಕತ್ತೇನಿ!” ಎಂದು ಕೂಗುತ್ತೇನೆ. ಹಾಗಾಗಿ ಕಾಗದ. ನಮ್ಮ ನಾಟಕಕ್ಕೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ದಾವಲಮಲಿಕ ಸಂಜೆ ರೋಜಾ ಬಿಡಲು ನಿಮ್ಮೂರು ಇಂಡಿಯಲ್ಲಿರುವ ತನ್ನ ತಂಗಿಯ ಮನೆಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಡುತ್ತೇನೆ.

ನಿನ್ನೆ ನಮ್ಮೂರಲ್ಲಿ ಒಂದು ನಡಿಗೆ ಇತ್ತು. ಡೌನ್ ಸಿಂಡ್ರೋಮ್ ಜಾಗೃತಿ ನಡಿಗೆ. ನಮ್ಮ ರೇವಿಯಂಥ ಮಕ್ಕಳಿರುವ ಮನೆಗಳು ಬೀದಿಯಲ್ಲಿ ಒಟ್ಟಿಗೆ ನಡೆದು, ಇವರು ನಮ್ಮವರು ಎಂದು ಊರಿಗೆ ತೋರಿಸುವುದು. ಜೊತೆಗೆ ಆ ಮಕ್ಕಳಿಗೆ ಮಾತು ತಿದ್ದುವ ಟೀಚರನ್ನು ವಿಜಯಪುರದಿಂದ ವಾರಕ್ಕೆರಡು ಸಲ ಕರೆಸಲು ಚಂದಾ ಎತ್ತುವುದು. ನಡೆಸಿದವರು ಸಾಲಿಯಲ್ಲಿ ಟೀಚರಾಗಿದ್ದು ನಿವೃತ್ತರಾದ ನಲಿನಿ ಬಾಯಿಯವರು. ಅವರ ಮೊಮ್ಮಗ ಕೌಸ್ತುಭ ನಮ್ಮ ರೇವಿಯ ಹಾಗೆ. ಒಂಬತ್ತು ವರ್ಷ, ಕಣ್ಣಲ್ಲಿ ಅದೇ ನಗು. ಹದಿನೈದು ದಿನದ ಹಿಂದೆ ಬಾಯಿಯವರು ಮನೆಗೆ ಬಂದು ಕಟ್ಟೆಯ ಮೇಲೆ ಕೂತರು.

“ಮಾಸ್ತರ, ನಿಮ್ಮ ದನಿ ಬೇಕಾಗೇದ” ಎಂದರು.

“ದನಿ ನಿಮ್ದ ಅಂತ ತಿಳೀರಿ” ಎಂದೆ, ಎದೆಯ ಮೇಲೆ ಕೈಯಿಟ್ಟು.

“ದನಿ ಒಂದಽ ಅಲ್ರಿ. ನೀವು, ನಿಮ್ಮ ಮನಿಯವ್ರು, ರೇವವ್ವ, ಮೂರೂ ಮಂದಿ ನಡೀಬೇಕು. ಆಕೀನ್ನ ಮನ್ಯಾಗ ಬಿಟ್ಟು ಬಂದ್ರ ನಾ ಮೈಕ್ ಮುಟ್ಟಲಿಕ್ಕೆ ಕೊಡೂದಿಲ್ಲ, ನೋಡ್ರಿ.”

ನಾನು ಕೆಮ್ಮಿದೆ. ನಿಮ್ಮವ್ವ ಒಳಗಿನಿಂದಲೇ, “ಬರ್ತೇವ್ರಿ ಬಾಯಾರ. ಮೂರೂ ಮಂದಿ ಬರ್ತೇವಿ” ಎಂದಳು. ಅಲ್ಲಿಗೆ ನನ್ನ ಸಂಭಾಷಣೆ ಮುಗಿಯಿತು.

ಬೆಳಿಗ್ಗೆ ಎಂಟಕ್ಕೇ ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಸಾಲಿಯ ಬಯಲಿನಲ್ಲಿ ಎಲ್ಲರಿಗೂ ಒಂದೊಂದು ಜೊತೆ ಕಾಲುಚೀಲ ಹಂಚಿದರು. ನನಗೆ ಸಿಕ್ಕಿದ್ದು ಒಂದು ಕೆಂಪು, ಒಂದು ಹಸಿರು. ಗಡಿಬಿಡಿಯಲ್ಲಿ ಕಲೆಸಿರಬೇಕೆಂದು ಜೊತೆ ಹುಡುಕಿಕೊಂಡು ಹೊರಟೆ. ನೋಡಿದರೆ ಊರಿನ ಕಾಲೆಲ್ಲ ಹಾಗೇ! ಬೇಕೆಂದೇ ಬೇರೆ ಬೇರೆ ಬಣ್ಣವಂತೆ, ಈ ದಿನ ಲೋಕದಲ್ಲೆಲ್ಲ ಹೀಗೇ ಹಾಕುತ್ತಾರಂತೆ. ಕಂಡವರು ಯಾಕೆಂದು ಕೇಳಬೇಕು, ನಾವು ಹೇಳಬೇಕು. ನಿಮ್ಮವ್ವ ಇಳಕಲ್ ಸೀರೆಯ ಕೆಳಗೆ ಒಂದು ಹಳದಿ, ಒಂದು ನೀಲಿ ಹಾಕಿಕೊಂಡು, “ಈ ಬಿಸಲಾಗ ಇದರ ಮ್ಯಾಲೆ ಚಪ್ಪಲಿ ಹೆಂಗ ಮೆಟ್ಟೂದ್ರಿ?” ಎಂದು ಬೈಯುತ್ತಲೇ ಮುಂದೆ ನಡೆದಳು. ದಾವಲಮಲಿಕ, “ಮಾಸ್ತರ, ಈಗ ನೋಡ್ರಿ ನೀವು ಖರೇ ಮಹಾರಾಜ! ಬಣ್ಣದ ಪೆಟಗೀಗೆ ಕಾಲು ಮೂಡಿದಂಗ ಕಾಣ್ತೀರಿ” ಎಂದು ನಕ್ಕ. ರೋಜಾ ಇದ್ದರೂ ಅವನ ನಾಲಿಗೆಗೆ ಉಪವಾಸವಿಲ್ಲ.

ರೇವಿ ಮಾತ್ರ ನಗಲಿಲ್ಲ. ಅವಳಿಗೆ ಅದು ವೇಷ. ವೇಷವನ್ನು ಅವಳು ಎಂದೂ ಹಗುರ ಮಾಡುವವಳಲ್ಲ. ಎರಡೂ ಚೀಲವನ್ನು ಮೊಣಕಾಲಿನವರೆಗೆ ಎಳೆದು, ಮಡಿಕೆ ಬೀಳದಂತೆ ಸವರಿ, ನೇರ ನಿಂತಳು.

ನಾನು ತೆರೆದ ಜೀಪಿನಲ್ಲಿ ಮೈಕ್ ಹಿಡಿದು ಗರ್ಜಿಸಿದೆ. ಎಂಥ ದನಿ ಸುನೀತಾ! ಕಿರಾಣಿ ಅಂಗಡಿಯವರು ತಕ್ಕಡಿ ಬಿಟ್ಟು ಬಂದರು. ತೊಗರಿ ಚೀಲದ ಮೇಲೆ ಕೂತ ಹಮಾಲರು ಎದ್ದು ನಿಂತರು. “ಇವರನ್ನು ಮನೆಯೊಳಗೆ ಮುಚ್ಚಿಡಬೇಡಿರಿ! ಇವರ ಹೆಸರನ್ನು ನುಂಗಬೇಡಿರಿ!” ಎಂದು ನಾನೇ ಬರೆದ ಮಾತುಗಳನ್ನು ನಾನೇ ಕೂಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಮುಂದೆ ಬಂದೆವು. ಕಲಬುರಗಿ ಬಸ್ಸಿನ ಕಿಟಕಿಯಿಂದ ಯಾರೋ, “ಮಾಸ್ತರ, ಯಾವ ನಾಟಕರೀ ಇದು?” ಎಂದ. “ಇದು ನಾಟಕ ಅಲ್ಲೋ ತಮ್ಮಾ!” ಎಂದು ತಿರುಗಿಸಿ ಕೊಟ್ಟೆ. ಚಪ್ಪಾಳೆ ಬಿತ್ತು.

ಆಗ ಇನ್ನೊಂದು ಬಸ್ಸು ಒಳಗೆ ಬಂತು. ಹಣೆಯ ಮೇಲೆ ಬೋರ್ಡು: ಇಂಡಿ.

ನನ್ನ ಮಾತು ನಡುವೆಯೇ ತುಂಡಾಯಿತು. ಇಳಿಯುವ ಒಂದೊಂದು ಮುಖವನ್ನೂ ನೋಡಿದೆ. ಮುತ್ತು ಅವರೇ? ನಿಮ್ಮ ಓಣಿಯವರು ಯಾರಾದರೂ? ಕೈ ತಾನಾಗಿ ಚಾಚಿ, ಜೀಪಿನ ಪಕ್ಕದಲ್ಲಿ ನಡೆಯುತ್ತಿದ್ದ ರೇವಿಯ ಭುಜ ಹಿಡಿದು, ಅವಳನ್ನು ಬ್ಯಾನರಿನ ಹಿಂದೆ ಸರಿಸಿತು. ಇಳಿದವರೆಲ್ಲ ಗುರುತಿಲ್ಲದವರು. ಮೈಕ್ ಕೆಟ್ಟಿತೆಂದು ಜನ ತಿಳಿದರು. ನಿಮ್ಮವ್ವ ಬೋರ್ಡು ನೋಡಿದಳು, ನನ್ನ ಕೈ ನೋಡಿದಳು. ರೇವಿಯನ್ನು ಮತ್ತೆ ಮುಂದಕ್ಕೆ ತಂದು ತನ್ನ ಬಲಕ್ಕೆ ನಿಲ್ಲಿಸಿಕೊಂಡಳು.

ಅಲ್ಲೇ ಟ್ರ್ಯಾಕ್ಟರಿನ ಟ್ರೇಲಿ ನಿಲ್ಲಿಸಿ ವೇದಿಕೆ ಮಾಡಿದ್ದರು. ಮೊದಲು ಒಬ್ಬರು ಡಾಕ್ಟರ ಬಾಯಿ ಮಾತಾಡಿದರು. ಈ ಮಾತನ್ನು ನೀನು ಎರಡು ಸಲ ಓದಬೇಕು. ಮೈಯ ಕಣಕಣದಲ್ಲೂ ಇರುವ ಕ್ರೋಮೋಸೋಮುಗಳಲ್ಲಿ ಇಪ್ಪತ್ತೊಂದನೆಯದು ಎರಡರ ಬದಲು ಮೂರು ಬಂದಿರುತ್ತದಂತೆ; ಅದಕ್ಕೇ ಈ ದಿನಕ್ಕೆ ಮೂರನೆಯ ತಿಂಗಳ ಇಪ್ಪತ್ತೊಂದನೆಯ ತಾರೀಖು ಆರಿಸಿದ್ದಂತೆ. ತಾಯಿ ಗ್ರಹಣ ನೋಡಿದ್ದಕ್ಕೆ ಬರುವುದಲ್ಲ, ತಂದೆಯ ಪಾಪಕ್ಕೆ ಬರುವುದಲ್ಲ, ಬಹುತೇಕ ಮಂದಿಯಲ್ಲಿ ವಂಶದಿಂದ ಬರುವುದೂ ಅಲ್ಲ. ಅನುಮಾನವಿದ್ದರೆ ಬಾಯಿ ಮುಚ್ಚಿಕೊಂಡು ಕೊರಗಬೇಡಿ, ನಿಮ್ಮ ಡಾಕ್ಟರನ್ನು ಕೇಳಿ ಎಂದರು. ರೇವಿಯ ಸುದ್ದಿ ತಿಳಿದರೆ ಇಂಡಿಯಲ್ಲಿ ನಿನ್ನ ಹೊಟ್ಟೆಯನ್ನು ಯಾರು ಯಾವ ಕಣ್ಣಿನಿಂದ ನೋಡುತ್ತಾರೋ ಎಂದು ನೀನು ಹೆದರಿದ್ದು ನನಗೆ ಗೊತ್ತು. ನೀನು ಹೇಳಲಿಲ್ಲ, ಆದರೆ ಫೋನಿನಲ್ಲಿ ನಿನ್ನ ಉಸಿರು ಹೇಳಿತು.

ಆಮೇಲೆ ನಲಿನಿ ಬಾಯಿಯವರು ಒಂದು ಹೊಸ ಪದ್ಧತಿ ಹೂಡಿದರು. “ದಿನಾ ನಾವು ಇವ್ರ ಪರಿಚಯ ಮಾಡಿಸ್ತೀವಿ. ಇವತ್ತು ಇವ್ರು ನಮ್ಮ ಪರಿಚಯ ಮಾಡಿಸ್ಲಿ” ಎಂದು ಕೌಸ್ತುಭನ ಕೈಗೆ ಮೈಕ್ ಕೊಟ್ಟರು. ಅವನು ತಂದೆಯ ಅಂಗಿ ಹಿಡಿದು, “ನಮ್ಮಪ್ಪ! ನಮ್ಮಪ್ಪ! ನಮ್ಮಪ್ಪ!” ಎಂದು ಮೂರು ಸಲ ಕೂಗಿದ. ಜನ ಶಿಳ್ಳೆ ಹೊಡೆದರು.

ನಮ್ಮ ಸರದಿ. ರೇವಿ ಮೈಕನ್ನು ಸರಿಯಾದ ದೂರದಲ್ಲಿ ಹಿಡಿದಳು. ಅದು ನನ್ನ ಪಾಠ.

“ನಾ ರೇವವ್ವ” ಎಂದಳು. “ಇವ್ರು ನಮ್ಮವ್ವ.”

ನಾನು ಎದೆ ಸೆಟೆಸಿದೆ, ಮೀಸೆ ತಿದ್ದಿದೆ.

“ಇವ್ರು ಮಾಸ್ತರ್ರು.”

ಜನ ಹೋ ಎಂದಿತು. “ಖರೇ ಹೇಳಿದ್ಲು ನೋಡ್ರಿ, ಊರಿಗೇ ಮಾಸ್ತರ್ರು!” ಎಂದು ನಲಿನಿ ಬಾಯಿಯವರೂ ನಕ್ಕರು. ನಾನು ಬಾಗಿ ನಮಸ್ಕಾರ ಮಾಡಿದೆ. ಬಾಗಿದವನಿಗೆ ಮೇಲೇಳಲು ಆಗಲಿಲ್ಲ. ಟ್ರೇಲಿಯ ಹಲಗೆಯ ಮೇಲೆ ನನ್ನ ಕೆಂಪು ಕಾಲು, ಹಸಿರು ಕಾಲು ನೋಡುತ್ತಾ ನಿಂತೆ. ಅವಳು ನನ್ನನ್ನು ಅಪ್ಪಾ ಎಂದು ಕೊನೆಗೆ ಕರೆದದ್ದು ಯಾವಾಗ? ನೆನಪಿನಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಿಮ್ಮವ್ವನನ್ನು ಕೇಳಿದೆ. “ರೇವಿ ನನಗ ಯಾವಾಗಿಂದ ಮಾಸ್ತರ ಅನ್ನಾಕತ್ತಾಳ?”

ಅವಳು ನಿಂತಳು. “ಎರಡ ವರ್ಷ ಆತ್ರಿ. ಬಾಗೇವಾಡಿಯಿಂದ ಬಂದಾಗಿಂದ. ಊರ ಮಂದಿ ಎಲ್ಲಾ ಮಾಸ್ತರ ಅಂತಾರ, ನಿಮಗ ಚೊಲೋ ಕೇಳಿಸ್ತೈತಿ. ಅದರಾಗ ಮಗಳ ದನಿ ಯಾವುದಂತ ನೀವ್ಯಾಕ ಹುಡಕ್ತೀರಿ?”

ಬಾಗೇವಾಡಿ. ನಿನ್ನ ಮದುವೆ. ಬಸವಣ್ಣನ ಸನ್ನಿಧಿಯಲ್ಲೇ ಅಕ್ಷತೆ ಬೀಳಬೇಕೆಂದು ನಿಮ್ಮತ್ತೆಯವರ ಹರಕೆ. ಸಿಂದಗಿಯ ಮಂದಿ ಅಷ್ಟು ದೂರ ಹೆಚ್ಚು ಬರುವುದಿಲ್ಲವೆಂದು ನನಗೂ ಒಳಗೊಳಗೇ ಸಮಾಧಾನ. ಯಾಕೆಂಬುದು ನಿನಗೆ ಗೊತ್ತು. ಶೇವಂತೆವ್ವನವರು ಮೊದಲೊಂದು ಸಂಬಂಧವನ್ನು, ಹುಡುಗಿಯ ತಮ್ಮ ರೇವಿಯಂಥವನೆಂದು ಬಿಟ್ಟಿದ್ದಾರಂತೆ, ಮಧ್ಯಸ್ಥರು ಹೇಳಿದರು ಎಂದು ನಾನೇ ನಿನಗೂ ನಿಮ್ಮವ್ವನಿಗೂ ಹೇಳಿದ್ದೆ. ನೀನು ಅಳುತ್ತಾ, “ರೇವಿ ನನ್ನ ಬಾಜೂಕ ನಿಲ್ಲಲಾರದ ನಾ ಅಕ್ಷತಿ ಹಾಕಿಸ್ಕೊಳ್ಳಂಗಿಲ್ಲ” ಎಂದೆ. ನಾನು ನಿನ್ನನ್ನು ಸುಮ್ಮನಾಗಿಸಿದೆ. ಮದುವೆಯ ಬೆಳಿಗ್ಗೆ ರೇವಿಯನ್ನು ಕರೆದು, ನಾನು ಕಲಾವಿದರಿಗೆ ಹೇಳುವಂತೆ ಹೇಳಿದೆ: “ಇವತ್ತ ನಿನಗೊಂದು ಪಾರ್ಟ್ ಐತಿ. ನೀ ಕಂಪನಿಯ ಬಟ್ಟಿ ಹುಡುಗಿ. ಪರದೆ ಬೀಳೂತನಕ ನನಗ ಅಪ್ಪಾ ಅನ್ನಬಾರದು, ಮಾಸ್ತರ ಅನ್ನಬೇಕು. ಸುನೀತಾಗ ಅಕ್ಕಾರ ಅನ್ನಬೇಕು.” ಅವಳ ಮುಖ ಅರಳಿತು. ಹುಟ್ಟಿದಾಗಿನಿಂದ ಸೈಡ್ ವಿಂಗಿನಲ್ಲಿ ಕೂತು ಎಲ್ಲರ ಪಾರ್ಟು ನೋಡಿದವಳು. ಅವಳಿಗೆ ಪಾರ್ಟು ಕೊಟ್ಟದ್ದು ಅದೇ ಮೊದಲು.

ನಿಮ್ಮವ್ವ, “ನಾ ನಿಮ್ಮ ಕಂಪನಿಯಾಕಿ ಅಲ್ಲ” ಎಂದು ಹೇಳಿ ತನ್ನ ಪಾರ್ಟು ತಿರಸ್ಕರಿಸಿದಳು. ರೇವಿ ಅವಳನ್ನು ಅವ್ವಾ ಎಂದೇ ಕರೆದಳು. ಹಿರಿಯ ಹೆಂಗಸನ್ನು ಯಾರು ಅವ್ವಾ ಎಂದರೂ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಹಾಗೆ ನಡೆದುಹೋಯಿತು. ಮುಂದೆ ನಿಮ್ಮತ್ತೆ ಎರಡು ಸಲ ಸಿಂದಗಿಗೆ ಬಂದಾಗ ರೇವಿಯನ್ನು ಮುದ್ದೇಬಿಹಾಳಕ್ಕೆ ಕಳಿಸಿದೆ. ಆದರೆ ನಾಟಕ ಮುಗಿಯಿತೆಂದು ಅವಳಿಗೆ ಹೇಳಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ನಲವತ್ತು ವರ್ಷ ನಾಟಕ ಕಲಿಸಿದವನು ನಾನು!

ನಿನ್ನೆ ಮಧ್ಯಾಹ್ನ ಅವಳು ಪೆಟ್ಟಿಗೆಯ ಕೋಣೆಯಲ್ಲಿ ರಾಣಿಯ ಸೀರೆ ಮಡಿಸುತ್ತಿದ್ದಳು. ಎದುರು ಕೂತೆ.

“ರೇವವ್ವಾ, ಬಾಗೇವಾಡ್ಯಾಗ ನಾ ನಿನಗೊಂದು ಪಾರ್ಟ್ ಕೊಟ್ಟಿದ್ನೆಲ್ಲ, ನೆನಪ ಐತೇನು?”

“ಐತ್ರಿ ಮಾಸ್ತರ. ಬಟ್ಟಿ ಹುಡುಗಿ.” ಸೀರೆಯ ಅಂಚಿಗೆ ಅಂಚು ಕೂಡಿಸುತ್ತಲೇ, “ನಾ ಒಮ್ಮೀನೂ ತಪ್ಪಿಲ್ರಿ” ಎಂದಳು.

“ಹೌದವ್ವಾ, ಒಮ್ಮೀನೂ ತಪ್ಪಿಲ್ಲ. ಈಗ ಅದು ಮುಗೀತು. ಇನ್ನ ಅಪ್ಪಾ ಅನ್ನು.”

ಅವಳು ತಲೆಯೆತ್ತಿ ನೋಡಿದಳು. ಹೊಸ ಹುಡುಗರು ಮಾತು ತಪ್ಪಿದಾಗ ನಾನು ನೋಡುವ ಹಾಗೆ.

“ಪರದೆ ಬಿದ್ದಿಲ್ಲಲ್ರಿ.”

“ಬಿತ್ತವ್ವಾ. ಈಗ ಬಿತ್ತು, ತಿಳಕೋ.”

“ಇಲ್ಲಿ ಮಂದೀನ ಇಲ್ಲ” ಎಂದಳು. “ಇಂಡಿಯವ್ರು ಎಲ್ಲಿ ಅದಾರ್ರಿ? ಅವ್ರ ಮುಂದ ಬೀಳಬೇಕಲ್ಲ?”

ಯಾರ ಮುಂದೆ ಪರದೆ ಎದ್ದಿತೋ ಅವರ ಮುಂದೆಯೇ ಬೀಳಬೇಕು, ಅಲ್ಲಿಯವರೆಗೆ ಬಣ್ಣ ಒರೆಸಬಾರದು. ಎಷ್ಟು ಮಂದಿ ಹುಡುಗರ ಕಿವಿ ಹಿಂಡಿ ಈ ಪಾಠ ಹೇಳಿದ್ದೇನೆ! ಕಲಿತವಳು ಇವಳೊಬ್ಬಳೇ. ಸೀರೆಯನ್ನು ಪೆಟ್ಟಿಗೆಗೆ ಇಟ್ಟು, “ಚಾ ಕುಡೀತೀರೇನ್ರಿ ಮಾಸ್ತರ?” ಎಂದು ಎದ್ದು ಹೋದಳು.

ಆಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಕಟ್ಟೆಗೆ ಹೋಗುತ್ತೇನೆ, ಒಳಗೆ ಬರುತ್ತೇನೆ, ಬೆಳಿಗ್ಗೆಯಿಂದ ಈ ಪತ್ರ ನಾಲ್ಕು ಸಲ ಹರಿದಿದ್ದೇನೆ. ಗುರುವಾರದವರೆಗೆ ಕಾಯಲೆ? ಕುಬಸದ ಸಡಗರದಲ್ಲಿ, ನಿನ್ನ ಉಡಿ ತುಂಬುವ ಹೊತ್ತಿನಲ್ಲಿ ಹೇಳುವ ಮಾತೇ ಇದು? ಹೇಳದೆ ರೇವಿಯನ್ನು ಮತ್ತೆ ಮುದ್ದೇಬಿಹಾಳದ ಬಸ್ಸಿಗೆ ಹತ್ತಿಸಲೆ? ಅವಳು ಹತ್ತುತ್ತಾಳೆ ಸುನೀತಾ, ಪಾರ್ಟಿನಲ್ಲಿದೆ ಎಂದರೆ ಹತ್ತಿ ಕಿಟಕಿಯಿಂದ ಕೈ ಬೀಸುತ್ತಾಳೆ. ಅದೇ ನನ್ನನ್ನು ಸುಡುತ್ತಿದೆ.

ನಿಮ್ಮತ್ತೆಗೆ ಉತ್ತರ ಹೇಳು: ತವರಿನಿಂದ ಬರುವ ಹೆಂಗಸರು ನಾಲ್ವರು. ನಾಲ್ಕನೆಯವಳು ತಂಗಿ. ಮನೆಯಲ್ಲಿ ಮಾತು ಎದ್ದರೆ ಎಲ್ಲವನ್ನೂ ನನ್ನ ತಲೆಗೆ ಹಾಕು, ಅದು ನನ್ನದೇ. ಹೊತ್ತಿಗೆ ಸರಿಯಾಗಿ ಉಣ್ಣು, ಮೆಟ್ಟಿಲು ಮೆಲ್ಲಗೆ ಇಳಿ. ನಿನಗೂ ನಿನ್ನ ಮಡಿಲಿಗೆ ಬರುವ ಕೂಸಿಗೂ, ಅದು ಹೇಗೇ ಬರಲಿ, ಬಸವಣ್ಣ ನೂರು ವರ್ಷ ಆಯುಷ್ಯ ಕೊಡಲಿ.

ನಿನ್ನ ತಂದೆ,
ಸೋಮನಿಂಗ

ತಾ.ಕ.: ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ದಾವಲಮಲಿಕ ಅದನ್ನು ತೆಗೆದುಕೊಳ್ಳಲಿಲ್ಲ. “ಮಾಸ್ತರ, ಅಂದು ಶೇವಂತೆವ್ವಾರ ಪಡಸಾಲ್ಯಾಗ ನಾನೂ ಇದ್ದೆ. ಅದನ್ನ ಬರದೀರೇನು?” ಎಂದು ಕೇಳಿದ. ಬರೆದಿರಲಿಲ್ಲ. ಒಡೆದು ಬರೆಯುತ್ತಿದ್ದೇನೆ.

ಅವರು ಯಾವ ಸಂಬಂಧವನ್ನೂ ಬಿಟ್ಟಿರಲಿಲ್ಲ, ಮಗಳೇ. ಮಧ್ಯಸ್ಥರು ಅಂಥ ಮಾತು ಹೇಳಲೂ ಇಲ್ಲ. ಆ ಕಥೆ ಕಟ್ಟಿದವನು ನಾನು. ಮೊದಲ ಸಲ ಮನೆ ನೋಡಲು ದಾವಲಮಲಿಕನೊಡನೆ ಇಂಡಿಗೆ ಹೋದಾಗ, ನಿಮ್ಮತ್ತೆ ಚಹಾ ಕೊಡುತ್ತಾ, ಎಲ್ಲರೂ ಕೇಳುವಂತೆ, “ಮಕ್ಕಳೆಷ್ಟರೀ ಮಾಸ್ತರ?” ಎಂದು ಕೇಳಿದರು. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಯಾರೂ ಏನೂ ಹೊಂಚಿರಲಿಲ್ಲ. ತುಂಬಿದ ಪಡಸಾಲೆಯಲ್ಲಿ ನನ್ನ ಪೂರ್ಣ ದನಿಯಲ್ಲಿ, “ಒಬ್ಬಾಕಿ ರೀ” ಎಂದೆ. ದಾವಲಮಲಿಕ ಬಾಯಿಗಿಟ್ಟ ಚಹಾದ ಬಸಿ ಕೆಳಗಿಟ್ಟ. ಆ ನಾಚಿಕೆ ಇಂಡಿಯದಲ್ಲ, ನನ್ನದು. ಅದನ್ನು ಮುಚ್ಚಲು ನಿಮ್ಮತ್ತೆಯನ್ನು ಕಟುಕಿಯನ್ನಾಗಿ ಮಾಡಿ ನಿಮ್ಮಿಬ್ಬರ ಮುಂದೆ ನಿಲ್ಲಿಸಿದೆ. ಎರಡು ವರ್ಷ ನೀನು ಅವರ ಕೈಯ ಅನ್ನವನ್ನು ಹೆದರಿ ಹೆದರಿ ಉಂಡೆ. ಈಗ ನಿಮ್ಮವ್ವನಿಗೆ ಹೇಳಿದೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ಸುನೀಗ ನೀವಽ ಬರೀರಿ. ನಾ ಹೇಳಂಗಿಲ್ಲ” ಎಂದಳು.

ನೀನು ಕ್ಷಮಿಸಬೇಕಿಲ್ಲ. ಬಾಗಿಲು ತೆಗೆದರೆ ಸಾಕು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು, ನಿಮ್ಮವ್ವ, ರೇವಿ ಇಂಡಿಗೆ ಬರುತ್ತೇವೆ. ಬಂದವನೇ ಶೇವಂತೆವ್ವನವರಿಗೆ ಕೈಮುಗಿದು, ಅವರು ಅಂದು ಕೇಳಿದ್ದಕ್ಕೆ, ಓಣಿಗೆಲ್ಲ ಕೇಳುವ ದನಿಯಲ್ಲಿ, “ಇಬ್ಬರು ರೀ” ಎಂದು ಹೇಳುತ್ತೇನೆ.